ಪಾರ್ಕಿಗೆ ಒಬ್ನೇ ಹೋದ ಮಗ, ಬಾಗ್ಲಿಗೆ ಬಂದ ಪೊಲೀಸು

ಹೋದ ವರ್ಷ ಜೂನಲ್ಲಿ ಆಗಿದ್ದು ಇದು, ಬರೀಲಾ ಬೇಡ್ವಾ ಅಂತ ಇಷ್ಟು ದಿನ ತಳ್ಕೊಂಡೇ ಬಂದೆ. ಮೊನ್ನೆ ನಮ್ಮ ಕನ್ನಡದೋರ ವಾಟ್ಸಾಪ್ ಗ್ರೂಪಲ್ಲಿ ಹೊಸದಾಗಿ ಬಂದೋರೊಬ್ರು "ಇಲ್ಲಿ ಮಕ್ಕಳನ್ನ ಎಷ್ಟು ವಯಸ್ಸಿಗೆ ಒಬ್ರನ್ನೇ ಆಡಕ್ಕೆ ಕಳಿಸ್ಬೋದು" ಅಂತ ಕೇಳಿದ್ರು. ಹತ್ತು ನಿಮಿಷದಲ್ಲಿ ಹದಿನೈದು ಉತ್ತರ. ಒಬ್ರು ಹನ್ನೆರಡು ಅಂದ್ರು, ಇನ್ನೊಬ್ರು ಹದಿನಾಲ್ಕು, ಮತ್ತೊಬ್ರು "ಕಳಿಸಿದ್ರೆ ಗೌರ್ಮೆಂಟ್‌ನೋರು ಮಗೂನೇ ಎತ್ಕೊಂಡ್ ಹೋಗ್ತಾರೆ, ಹುಷಾರು" ಅಂತ ಬರೆದು ಕೈ ಮುಗಿಯೋ ಇಮೋಜಿ ಹಾಕಿದ್ರು. ನಾವಿರೋದು ಟೆಕ್ಸಸ್, ಇಲ್ಲಿಯ ಮಟ್ಟಿಗೆ ಆ ಹದಿನೈದರಲ್ಲಿ ಒಂದೂ ಸರಿ ಇರ್ಲಿಲ್ಲ. ನಾನೂ ಒಂದು ಕಾಲದಲ್ಲಿ ಹದಿನಾರನೇ ಉತ್ತರ ಕೊಡ್ತಿದ್ದೋಳೇ ಬಿಡಿ, ಅದಕ್ಕೇ ಈಗ ಕೂತು ಬರೀತಿದೀನಿ.

ನಮ್ಮನೆ ಡಾಲಸ್‌ನಿಂದ ಉತ್ತರಕ್ಕೆ ಒಂದು ಊರಲ್ಲಿ, ಹೆಸರು ಬೇಡ. ಹದಿನೈದು ವರ್ಷದ ಹಿಂದೆ ಹೊಲ ಆಗಿತ್ತಂತೆ, ಈಗ ಒಂದೇ ಅಚ್ಚಲ್ಲಿ ತೆಗೆದ ಹಾಗಿರೋ ಮನೆಗಳು, ಮನೆಗೆರಡು ಕಾರು, ನೀಟಾಗಿ ಕತ್ತರಿಸಿದ ಹುಲ್ಲು, ಬೀದೀಲಿ ಮಾತ್ರ ಒಂದು ನರಪಿಳ್ಳೆ ಇರಲ್ಲ. ಮಕ್ಕಳಿಲ್ವಾ ಅಂದ್ರೆ ಇದಾರೆ, ಸ್ಕೂಲ್ ಬಸ್ ನಿಂತಾಗ ಇಪ್ಪತ್ತು ಜನ ಇಳೀತಾರೆ, ಇಳಿದೋರು ಇಳಿದ ಹಾಗೇ ಗ್ಯಾರೇಜ್ ಬಾಗಿಲೊಳಗೆ ಮಾಯ. ಆಮೇಲೆ ಕರಾಟೆ, ಈಜು, ಗಣಿತದ ಟ್ಯೂಷನ್ನು, ಎಲ್ಲಾ ಕಾರಲ್ಲೇ.

ಮೂರು ಬೀದಿ ದಾಟಿದ್ರೆ ಒಂದು ಪಾರ್ಕು. ದೊಡ್ಡ ರಸ್ತೆ ಯಾವ್ದೂ ಅಡ್ಡ ಬರಲ್ಲ, ಎಂಟು ನಿಮಿಷದ ದಾರಿ. ನನ್ನ ಮಗನಿಗೆ ಆಗ ಎಂಟೂವರೆ ವರ್ಷ. ಅಷ್ಟು ವರ್ಷದಲ್ಲಿ ಒಂದು ಸಲಾನೂ ಅವನು ಅಲ್ಲಿಗೆ ಒಬ್ನೇ ಹೋಗಿರ್ಲಿಲ್ಲ.

ಕಳಿಸಿದ್ದು ನಮ್ಮಪ್ಪ. ಅಪ್ಪ ಆರು ತಿಂಗಳಿಗೆ ಅಂತ ಬಂದಿದ್ರು. ತಿಪಟೂರಲ್ಲಿ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದೋರು, ಸುಮ್ನೆ ಕೂರಕ್ಕೆ ಬರಲ್ಲ, ಇಲ್ಲಿ ಮಾಡಕ್ಕೆ ಕೆಲಸ ಇಲ್ಲ. ಅವತ್ತು ಸಂಜೆ ಆರೂವರೆ ಇರ್ಬೋದು, ಇಲ್ಲಿ ಜೂನಲ್ಲಿ ಎಂಟೂವರೆವರೆಗೂ ಬೆಳಕಿರುತ್ತೆ, ನನ್ನ ಆಫೀಸ್ ಕಾಲ್ ಮುಗಿದಿರ್ಲಿಲ್ಲ, ಇವರು ಇನ್ನೂ ಮನೆಗೆ ಬಂದಿರ್ಲಿಲ್ಲ. ಮಗ ಐಪ್ಯಾಡ್ ಹಿಡ್ಕೊಂಡು ಸೋಫಾ ಮೇಲೆ ಉಲ್ಟಾ ಮಲಗಿದ್ದ, ಅಪ್ಪ ನೋಡೋವಷ್ಟು ನೋಡಿ "ಎದ್ದೋಗೋ ಮಗ, ಹೊರಗೆ ಹೋಗಿ ಆಡ್ಕೊಂಡು ಬಾ, ಕತ್ತಲಾಗೋದ್ರೊಳಗೆ ಬಂದ್ಬಿಡು" ಅಂದ್ರಂತೆ. ಅಷ್ಟೇ. ನಮ್ಮನ್ನೆಲ್ಲಾ ಬೆಳೆಸಿದ್ದು ಇದೊಂದೇ ವಾಕ್ಯದಲ್ಲಿ, ಅವರಿಗೆ ಅದರಲ್ಲಿ ಎರಡನೇ ಯೋಚನೆ ಏನಿದೆ.

ಇಪ್ಪತ್ತೈದು ನಿಮಿಷಕ್ಕೆ ಬೆಲ್ಲಾಯ್ತು. ಅಪ್ಪ ಪಂಚೆ ಬನಿಯನ್ನಲ್ಲೇ ಹೋಗಿ ಬಾಗಿಲು ತೆಗೆದಿದಾರೆ. ನಾನು ಹೆಡ್‌ಫೋನ್ ಕತ್ತಿಗೆ ಇಳಿಸ್ಕೊಂಡು ಮೆಟ್ಲಿಳಿದು ಬಂದ್ರೆ ಹೊಸ್ತಿಲಾಚೆ ಆರಡಿ ಮೇಲಿನ ಪೊಲೀಸ್ ಆಫೀಸರ್, ಪಕ್ಕದಲ್ಲಿ ನನ್ನ ಮಗ, ಹಿಂದೆ ರಸ್ತೇಲಿ ಕಾರು, ಅದರ ಲೈಟು ಮಾತ್ರ ಸದ್ದಿಲ್ಲದೆ ತಿರುಗ್ತಿದೆ. ಎದುರುಮನೆ ಕಿಟಕಿ ಪರದೆ ಅಲ್ಲಾಡಿದ್ದು ಕಾಣ್ತು.

ಆಫೀಸರ್ ಒರಟಾಗೇನೂ ಇರ್ಲಿಲ್ಲ, ಸುಳ್ಳು ಹೇಳ್ಬಾರ್ದು. "ಪಾರ್ಕಲ್ಲಿ ಒಂದು ಮಗು ಒಂದೇ ಇದೆ ಅಂತ ಯಾರೋ ಫೋನ್ ಮಾಡಿದ್ರು, ಅದಕ್ಕೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಅಂದ್ರು. ಇವನು ಹೋಗಿರೋದು ನಿಮಗೆ ಗೊತ್ತಿತ್ತಾ ಅಂತ ಕೇಳಿದ್ರು. ನನಗೆ ಗೊತ್ತಿರ್ಲಿಲ್ಲ! ಅದನ್ನ ಹೇಳ್ಲಾ ಬೇಡ್ವಾ ಅಂತ ಅರ್ಧ ಸೆಕೆಂಡ್ ಒದ್ದಾಡಿ "ನಮ್ಮ ತಂದೆಗೆ ಗೊತ್ತಿತ್ತು" ಅಂದೆ. ನನ್ನ ಹೆಸರು, ಹುಟ್ಟಿದ ತಾರೀಖು, ಫೋನ್ ನಂಬರ್ ಬರ್ಕೊಂಡ್ರು. ಮನೇಲಿ ಇನ್ಯಾರಿದಾರೆ ಅಂದ್ರು. ಮಗನ ಕಡೆ ತಿರುಗಿ ನಗ್ತಾ ಏನೋ ಹೇಳಿ ಹೊರಟೋದ್ರು. ಎಲ್ಲಾ ಸೇರಿ ಆರೇಳು ನಿಮಿಷ.

ಬಾಗಿಲು ಹಾಕಿದ ಮೇಲೆ ನೋಡ್ತೀನಿ, ಮಗನ ಬಲಗೈ ಮುಷ್ಟಿ ಬಿಗಿ ಹಿಡಿದದ್ದು ಹಾಗೇ ಇದೆ. ಬಿಡಿಸಿದ್ರೆ ಅಂಗೈ ತುಂಬಾ ಕಂದು ಬಣ್ಣದ ಪುಡಿ. ಬೇಸಿಗೇಲಿ ಇಲ್ಲಿ ಮರಕ್ಕೆಲ್ಲಾ ಜೀರುಂಡೆಗಳು ಬಿಟ್ಟು ಹೋದ ಪೊರೆ ಅಂಟ್ಕೊಂಡಿರುತ್ತೆ ನೋಡಿ, ಕಾಲು ಕಣ್ಣು ಎಲ್ಲಾ ಹಾಗಾಗೇ ಇರುತ್ತೆ, ಒಳಗಿನ ಹುಳ ಮಾತ್ರ ಇರಲ್ಲ, ಅದನ್ನ ಆರಿಸ್ಕೊಂಡು ತಾತಂಗೆ ತೋರ್ಸಕ್ಕೆ ಅಂತ ಹಿಡ್ಕೊಂಡಿದ್ದನಂತೆ. ಪೊಲೀಸ್ ಮಾತಾಡಿಸಿದ ಕೂಡ್ಲೆ ಭಯಕ್ಕೆ ಮುಷ್ಟಿ ಬಿಗಿಯಾಗಿ ಎಲ್ಲಾ ಪುಡಿಪುಡಿ. "ನಾನೇನ್ ತಪ್ಪು ಮಾಡ್ದೆ ಅಮ್ಮಾ" ಅಂದ. ಅದಕ್ಕೆ ನನ್ನತ್ರ ಉತ್ತರ ಇರ್ಲಿಲ್ಲ.

ಅಪ್ಪ ಅವತ್ತು ಊಟಕ್ಕೆ ಏಳ್ಲಿಲ್ಲ. "ಪೊಲೀಸ್ನೋರು ಮನೆ ಬಾಗ್ಲಿಗೆ ಬಂದಿದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು ಕಣಮ್ಮ" ಅಂದ್ರು. ನಾನು ಏನೂ ಆಗಲ್ಲ ಬಿಡಿ ಅಪ್ಪ ಅಂದೆ, ಆದ್ರೆ ಹೇಳೋ ದನೀಲೇ ಗೊತ್ತಾಗುತ್ತಲ್ಲ. ಮಾರನೇ ದಿನದಿಂದ ಅವರ ಬೆಳಗಿನ ವಾಕಿಂಗೂ ನಿಂತೋಯ್ತು. ಮಗ ಮೂರು ವಾರ ಕಸದ ಡಬ್ಬ ಒಳಗೆ ಎಳ್ಕೊಂಡು ಬರಕ್ಕೂ ಹೊರಗೆ ಕಾಲಿಡ್ಲಿಲ್ಲ.

ಆಮೇಲಿನದ್ದು ಇಲ್ಲಿರೋ ನಮ್ಮಂಥೋರ ಕತೆ. ನಾವು ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲಿರೋರು, ಗ್ರೀನ್ ಕಾರ್ಡ್ ಕ್ಯೂ ಇಂಡಿಯಾದೋರಿಗೆ ಎಷ್ಟುದ್ದ ಅಂತ ನಿಮಗೇ ಗೊತ್ತು. ಅವತ್ತು ರಾತ್ರಿ ಇವರು ಎರಡು ಗಂಟೆವರೆಗೆ ಲ್ಯಾಪ್‌ಟಾಪ್ ಮುಂದೆ. ಸಾಗರಿಕಾ ಅನ್ನೋ ಬಂಗಾಳಿ ತಾಯಿಯ ಇಬ್ಬರು ಮಕ್ಕಳನ್ನ 2011ರಲ್ಲಿ ನಾರ್ವೆ ಸರ್ಕಾರ ಎತ್ಕೊಂಡು ಹೋಗಿದ್ದು, ಜರ್ಮನೀಲಿ 2021ರಿಂದ ಅರಿಹಾ ಅನ್ನೋ ಗುಜರಾತಿ ಮಗು ಅಲ್ಲಿಯ ಸರ್ಕಾರದ ಸುಪರ್ದಿಗೆ ಹೋಗಿದ್ದು, ಅದನ್ನೆಲ್ಲಾ ಓದಿ ಓದಿ ಇನ್ನಷ್ಟು ಹೆದರ್ಕೊಂಡ್ವಿ. ಅವೆರಡೂ ಬೇರೆ ದೇಶ, ಬೇರೆ ಕಾನೂನು, ಹೊರಗೆ ಆಡಕ್ಕೆ ಬಿಟ್ಟಿದ್ದಕ್ಕೆ ಆದದ್ದೂ ಅಲ್ಲ, ಆದ್ರೆ ರಾತ್ರಿ ಎರಡು ಗಂಟೇಲಿ ಅಷ್ಟು ವಿವೇಕ ಎಲ್ಲಿಂದ ಬರ್ಬೇಕು. ಎರಡು ದಿನ ಬಿಟ್ಟು ಅರ್ಧ ಗಂಟೆಗೆ ದುಡ್ಡು ಕೊಟ್ಟು ಒಬ್ರು ವಕೀಲರ ಹತ್ರ ಮಾತಾಡಿದ್ವಿ, ಆಮೇಲೆ ನಾನೇ ಕೂತು ಕಾನೂನು ಓದ್ದೆ. ನಾನು ವಕೀಲೆ ಅಲ್ಲ, ಕೋಡ್ ಬರೆಯೋಳು, ನಿಮ್ಮ ಕೇಸ್ ನೀವೇ ವಿಚಾರಿಸ್ಕೊಳ್ಳಿ, ಇದು ನನಗೆ ಅರ್ಥ ಆದಷ್ಟು.

ಮೊದಲು ವಯಸ್ಸಿನ ವಿಷಯ. ಟೆಕ್ಸಸ್ ಕಾನೂನಲ್ಲಿ "ಇಷ್ಟು ವರ್ಷ ಆಗೋವರೆಗೆ ಮಗು ಒಂದೇ ಹೊರಗೆ ಹೋಗಂಗಿಲ್ಲ" ಅಂತ ಯಾವ ನಂಬರೂ ಇಲ್ಲ. ಮನೇಲಿ ಒಬ್ರನ್ನೇ ಬಿಡೋದಕ್ಕೂ ಇಲ್ಲ. ನಂಬರ್ ಇರೋದು ಕಾರಿನ ವಿಷಯಕ್ಕೆ, ಏಳು ವರ್ಷದೊಳಗಿನ ಮಗೂನ ಹದಿನಾಲ್ಕು ತುಂಬಿದ ಯಾರೂ ಜೊತೇಲಿಲ್ಲದೆ ಐದು ನಿಮಿಷಕ್ಕಿಂತ ಜಾಸ್ತಿ ಕಾರಲ್ಲಿ ಬಿಡಂಗಿಲ್ಲ. ಅದು ನ್ಯಾಯವೇ, ಇಲ್ಲಿಯ ಬಿಸಿಲಿಗೆ ಕಾರು ಒಲೆ ಆಗುತ್ತೆ. ನಮ್ಮ ಗ್ರೂಪಿನ ಹದಿನಾಲ್ಕು ಬಹುಶಃ ಇಲಿನಾಯ್‌ನಿಂದ ಬಂದಿದ್ದು, ಅಲ್ಲಿಯ ಕಾನೂನಲ್ಲಿ ಇತ್ತೀಚಿನವರೆಗೂ ಆ ಸಂಖ್ಯೆ ಇತ್ತು, ಅದೂ "ಅತಿಯಾದ ಹೊತ್ತು, ಮಗುವಿನ ಕ್ಷೇಮ ಲೆಕ್ಕಿಸದೆ" ಬಿಟ್ರೆ ಅಂತ. ಮೇರಿಲ್ಯಾಂಡಲ್ಲಿ ಎಂಟು, ಆದ್ರೆ ಅದು ಮನೆ, ಕಟ್ಟಡ, ಕಾರಿನೊಳಗೆ ಬಿಡೋದಕ್ಕೆ. ಆರೆಗಾನಲ್ಲಿ ಹತ್ತು ಅಂತ ಒಂದಿದೆ. ಸುಮಾರು ರಾಜ್ಯಗಳಲ್ಲಿ ಏನೂ ಇಲ್ಲ, "ನಿರ್ಲಕ್ಷ್ಯ" ಅನ್ನೋ ಪದ ಇದೆ, ಅದರ ಅರ್ಥ ಏನು ಅಂತ ಅವತ್ತು ಬಾಗ್ಲಿಗೆ ಬಂದೋರು ತೀರ್ಮಾನ ಮಾಡ್ತಾರೆ.

ಪೇಚು ಇರೋದೇ ಅಲ್ಲಿ. ಮೇರಿಲ್ಯಾಂಡ್ ವಿಷಯ ಬಂತಲ್ಲ, ಸಿಲ್ವರ್ ಸ್ಪ್ರಿಂಗ್ ಅನ್ನೋ ಊರಲ್ಲಿ ಮೈಟಿವ್ ದಂಪತಿ ಅಂತ, ಗಂಡ ಹೆಂಡ್ತಿ ಇಬ್ರೂ ವಿಜ್ಞಾನ ಓದ್ಕೊಂಡೋರು, 2014ರ ಡಿಸೆಂಬರಲ್ಲಿ ಹತ್ತು ವರ್ಷದ ಮಗ ಆರು ವರ್ಷದ ಮಗಳನ್ನ ಒಂದು ಮೈಲಿ ದೂರದ ಪಾರ್ಕಿಂದ ಇಬ್ರೇ ಮನೆಗೆ ನಡ್ಕೊಂಡು ಬರಕ್ಕೆ ಬಿಟ್ರು. ಪೊಲೀಸ್ ಹಿಡ್ಕೊಂಡ್ರು, ಮಕ್ಕಳ ರಕ್ಷಣೆ ಇಲಾಖೆ ವಿಚಾರಣೆ ಆಯ್ತು. 2015ರ ಏಪ್ರಿಲಲ್ಲಿ ಮತ್ತೆ ಅದೇ, ಈ ಸಲ ಮಕ್ಕಳನ್ನ ಪೊಲೀಸ್ ಕಾರಲ್ಲಿ ಕೂರಿಸ್ಕೊಂಡು ಆಮೇಲೆ ಇಲಾಖೆ ಕೇಂದ್ರಕ್ಕೆ ಕರ್ಕೊಂಡೋಗಿ, ಅಪ್ಪ ಅಮ್ಮನ ಕೈಗೆ ಕೊಟ್ಟಿದ್ದು ರಾತ್ರಿ ಹತ್ತೂವರೆಗೆ. ಆರು ಗಂಟೆಗೆ ಮನೆಗೆ ಬರ್ಬೇಕಿದ್ದ ಮಕ್ಕಳು. ಮಕ್ಕಳ ಸುರಕ್ಷತೆಗೆ ಅಂತ ಅವರನ್ನ ರಾತ್ರಿ ಹತ್ತೂವರೆವರೆಗೆ ಅಪರಿಚಿತರ ಹತ್ರ ಇಟ್ಕೊಂಡ್ರು, ಇದಕ್ಕೇನಂತೀರಾ! ಕೊನೆಗೆ ಅವರ ಮೇಲಿನ ಆರೋಪ ಬಿದ್ದೋಯ್ತು, ಆದ್ರೆ ತಿಂಗಳುಗಟ್ಲೆ ಒದ್ದಾಡಿದ ಮೇಲೆ.

ಅವರು ಓದಿದೋರು, ಬಿಳಿಯರು, ಟೀವಿಯೋರು ಬಂದ್ರು. 2014ರಲ್ಲೇ ಸೌತ್ ಕ್ಯಾರೊಲಿನಾದ ನಾರ್ತ್ ಆಗಸ್ಟಾದಲ್ಲಿ ಒಬ್ಬ ಕಪ್ಪು ತಾಯಿ, ಬರ್ಗರ್ ಅಂಗಡೀಲಿ ಕೆಲಸ, ರಜದಲ್ಲಿ ಒಂಬತ್ತು ವರ್ಷದ ಮಗಳನ್ನ ಅಂಗಡೀಲೇ ಲ್ಯಾಪ್‌ಟಾಪ್ ಕೊಟ್ಟು ಕೂರಿಸ್ಕೊಳ್ತಿದ್ಲು. ಮನೇಲಿ ಲ್ಯಾಪ್‌ಟಾಪ್ ಕಳುವಾಯ್ತು. ಪಾರ್ಕಲ್ಲಿ ಆಡ್ತೀನಮ್ಮ ಅಂತ ಮಗಳು ಕೇಳಿದ್ಲು, ಫೋನ್ ಕೊಟ್ಟು ಬಿಟ್ಲು. ಅಮ್ಮ ಎಲ್ಲಿ ಅಂತ ಯಾರೋ ಕೇಳಿದ್ರು, ಕೆಲಸಕ್ಕೆ ಹೋಗಿದಾರೆ ಅಂತ ಮಗು ಇದ್ದದ್ದನ್ನ ಇದ್ದಂಗೆ ಹೇಳ್ತು. ತಾಯಿ ಜೈಲಿಗೆ, ಮಗು ಎರಡು ವಾರಕ್ಕೂ ಮೇಲೆ ಸರ್ಕಾರದ ಸುಪರ್ದಿಗೆ. ಇದನ್ನ ಓದಿದಾಗ ನನಗೆ ಅಳು ಬಂತು ಅನ್ನೋದಕ್ಕಿಂತ ಸಿಟ್ಟು ಬಂತು. ಮಗೂನ ಕ್ಯಾಂಪಿಗೆ ಸೇರ್ಸಕ್ಕೆ ದುಡ್ಡಿಲ್ಲದಿರೋದೇ ಅಪರಾಧ ಆದಂಗಾಯ್ತಲ್ಲ.

2024ರ ಅಕ್ಟೋಬರಲ್ಲಿ ಜಾರ್ಜಿಯಾದ ಮಿನರಲ್ ಬ್ಲಫ್ ಅನ್ನೋ ಪುಟ್ಟ ಊರಲ್ಲಿ ಇನ್ನೊಂದು. ಹನ್ನೊಂದಕ್ಕೆ ಕಾಲಿಡ್ತಿದ್ದ ಹುಡುಗ ಮನೆಯಿಂದ ಒಂದು ಮೈಲಿಗೂ ಕಮ್ಮಿ ದೂರ ಒಬ್ನೇ ನಡ್ಕೊಂಡು ಪೇಟೆಗೆ ಹೋದ, ತಾಯಿ ಇನ್ನೊಬ್ಬ ಮಗನನ್ನ ಡಾಕ್ಟರ್ ಹತ್ರ ಕರ್ಕೊಂಡೋಗಿದ್ಲು. ಸಂಜೆ ಬಂದು ಮಕ್ಕಳ ಮುಂದೇನೇ ಕೈಗೆ ಕೋಳ. ಹುಡುಗನ ಫೋನಲ್ಲಿ ಟ್ರ್ಯಾಕಿಂಗ್ ಆ್ಯಪ್ ಹಾಕ್ತೀನಿ ಅಂತ ಒಂದು ಕಾಗದಕ್ಕೆ ಸೈನ್ ಹಾಕು ಅಂದ್ರೆ ಆಕೆ ಹಾಕಲ್ಲ ಅಂದ್ಲು. ಗಟ್ಟಿಗಿತ್ತಿ. ನಾನಾಗಿದ್ರೆ ಹತ್ತು ಕಡೆ ಸೈನ್ ಹಾಕ್ತಿದ್ದೆ.

ಈ ಕಿರಿಕಿರಿ ನೋಡೇ ಕೆಲವು ರಾಜ್ಯಗಳು ಕಾನೂನು ತಿದ್ದಿದಾವೆ. ಹಿಂದೆ ನಿಂತಿರೋರು ಲೆನೋರ್ ಸ್ಕೆನೇಜಿ ಅನ್ನೋ ನ್ಯೂಯಾರ್ಕಿನ ಪತ್ರಕರ್ತೆ, ಒಂಬತ್ತು ವರ್ಷದ ಮಗನ್ನ ಒಬ್ನೇ ಸಬ್‌ವೇ ರೈಲಲ್ಲಿ ಮನೆಗೆ ಬರಕ್ಕೆ ಬಿಟ್ಟೆ ಅಂತ 2008ರಲ್ಲಿ ಪೇಪರಲ್ಲಿ ಬರೆದು ದೇಶದ ಅತಿ ಕೆಟ್ಟ ಅಮ್ಮ ಅಂತ ಬಿರುದು ಹೊತ್ಕೊಂಡೋರು. 2018ರಲ್ಲಿ ಯೂಟಾ ಮೊದಲು ಮಾಡ್ತು, ಊಟ ಬಟ್ಟೆ ಆರೈಕೆ ಸರಿ ಇರೋ, ತಕ್ಕಷ್ಟು ಬುದ್ಧಿ ಬಂದಿರೋ ಮಗು ಒಂದೇ ಸ್ಕೂಲಿಗೆ ನಡ್ಕೊಂಡು ಹೋದ್ರೆ, ಹೊರಗೆ ಆಡಿದ್ರೆ ಅದು ನಿರ್ಲಕ್ಷ್ಯ ಅಲ್ಲ ಅಂತ. ಆಮೇಲೆ ಓಕ್ಲಹೋಮ, ಕೊಲರಾಡೊ, ವರ್ಜೀನಿಯಾ, ಕನೆಕ್ಟಿಕಟ್ ಹೀಗೆ. ಜಾರ್ಜಿಯಾ ಆ ತಾಯಿ ಗಲಾಟೆ ಆದ್ಮೇಲೆ 2025ರಲ್ಲಿ.

ಟೆಕ್ಸಸ್ಸೂ ಈ ಪಟ್ಟೀಲಿದೆ ಅಂತ ಗೊತ್ತಾದಾಗ ನಾನು ಕುರ್ಚಿಯಿಂದ ಎದ್ದು ಇವರನ್ನ ಎಬ್ಬಿಸ್ದೆ. 2021ರ ಸೆಪ್ಟೆಂಬರ್ ಒಂದರಿಂದ ಜಾರಿ. ಮಗುವಿನ ಪ್ರಬುದ್ಧತೆ, ದೇಹಸ್ಥಿತಿ, ಬೆಳವಣಿಗೆ, ಅಥವಾ ಸಂಸ್ಕೃತಿಗೆ ತಕ್ಕಂಥ ಸ್ವತಂತ್ರ ಚಟುವಟಿಕೆಗೆ ಬಿಟ್ರೆ ಅದು ನಿರ್ಲಕ್ಷ್ಯದ ಲೆಕ್ಕಕ್ಕೆ ಬರಲ್ಲ. ಸಂಸ್ಕೃತಿ! ಅಂದ್ರೆ ಅಪ್ಪ ಹೇಳಿದ "ಕತ್ತಲಾಗೋದ್ರೊಳಗೆ ಬಂದ್ಬಿಡು" ಅನ್ನೋದಕ್ಕೆ ಟೆಕ್ಸಸ್ ಕಾನೂನಲ್ಲೇ ಜಾಗ ಇದೆ. ಬೆಳಗ್ಗೆ ಅಪ್ಪಂಗೆ ಓದಿ ಹೇಳ್ದೆ. "ಹಂಗಾದ್ರೆ ಆವಯ್ಯ ಯಾಕೆ ಬಂದಿದ್ದ" ಅಂದ್ರು.

ಒಳ್ಳೇ ಪ್ರಶ್ನೆ. ವಕೀಲರು ಹೇಳಿದ್ದು ಏನಪ್ಪ ಅಂದ್ರೆ, ಈ ಕಾನೂನು ಇರೋದು ಕುಟುಂಬದ ಸಂಹಿತೇಲಿ, ಅಂದ್ರೆ ಮಕ್ಕಳ ರಕ್ಷಣೆ ಇಲಾಖೆಯೋರ ಕೈ ಕಟ್ಟುತ್ತೆ. ಪೊಲೀಸ್ ನೋಡೋದು ದಂಡ ಸಂಹಿತೆ. ಅದರಲ್ಲಿ ಹದಿನೈದು ವರ್ಷದೊಳಗಿನ ಮಗೂನ ಅಪಾಯಕ್ಕೆ ಒಡ್ಡಿದ್ರೆ ಅಂತ ಬೇರೆ ಸೆಕ್ಷನ್, ಸಾಬೀತಾದ್ರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು. ಹೊಸ ಕಾನೂನು ಜಾರಿಗೆ ಬಂದ ಮರು ತಿಂಗಳೇ, 2021ರ ಅಕ್ಟೋಬರಲ್ಲಿ, ವೇಕೊ ಪಕ್ಕದ ಹ್ಯುವಿಟ್‌ನಲ್ಲಿ ಒಬ್ಬ ತಾಯಿ ಕಾರಲ್ಲಿ ಗಲಾಟೆ ಮಾಡ್ತಿದ್ದ ಎಂಟು ವರ್ಷದ ಮಗನ್ನ ಇಳಿಸಿ ಕೊನೇ ಅರ್ಧ ಮೈಲಿ ನಡ್ಕೊಂಡು ಬಾ ಅಂದ್ಲು, ಯಾರೋ ಫೋನ್ ಮಾಡಿದ್ರು, ಆ ರಾತ್ರಿ ಆಕೆ ಲಾಕಪ್ಪಲ್ಲಿ. ಒಂದು ಪುಸ್ತಕದಲ್ಲಿ ತಪ್ಪಲ್ಲ ಅಂದಿದ್ದು ಇನ್ನೊಂದು ಪುಸ್ತಕದಲ್ಲಿ ಕೇಸು. ಕೇಂದ್ರದ್ದೂ ಒಂದಿದೆ, 2015ರ ಶಿಕ್ಷಣ ಕಾಯ್ದೇಲಿ ಸೆನೆಟರ್ ಮೈಕ್ ಲೀ ಸೇರಿಸಿದ್ದು, ಮಗು ಒಂದೇ ಸ್ಕೂಲಿಗೆ ಹೋದ್ರೆ ಅಪ್ಪ ಅಮ್ಮನ ಮೇಲೆ ಕೇಸು ಹಾಕ್ಬಾರ್ದು ಅಂತ, ಕೆಳಗೇ ರಾಜ್ಯದ ಕಾನೂನನ್ನ ಇದು ಮೀರಲ್ಲ ಅಂತಾನೂ ಇದೆ. ನಮ್ಮಲ್ಲಿ ಇದಕ್ಕೆ ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತಾರೆ.

ವೀಸಾ ಮೇಲಿರೋರು ಈ ಭಾಗ ಎರಡು ಸಲ ಓದಿ. ಇಮಿಗ್ರೇಷನ್ ಕಾನೂನಲ್ಲಿ ಮಕ್ಕಳ ಮೇಲಿನ ದೌರ್ಜನ್ಯ, ನಿರ್ಲಕ್ಷ್ಯ, ತೊರೆಯೋದು ಅಂತ ಒಂದು ಗುಂಪಿನ ಅಪರಾಧ ಇದೆ, ಅದರಲ್ಲಿ ಶಿಕ್ಷೆ ಆದ್ರೆ ಗಡೀಪಾರು ಮಾಡ್ಬೋದು, ಗ್ರೀನ್ ಕಾರ್ಡ್ ಇದ್ರೂ. ಮಗೂಗೆ ಏಟು ಬಿದ್ದಿರ್ಬೇಕು ಅಂತೇನಿಲ್ಲ, ಅಪಾಯ ಆಗೋ ಸಾಧ್ಯತೆ ಇದ್ರೂ ಸಾಕು ಅಂತ ಅವರ ಮೇಲ್ಮನವಿ ಮಂಡಳಿ 2010ರಲ್ಲಿ ಕೊಲರಾಡೊದ ಒಂದು ಕೇಸಲ್ಲಿ ಹೇಳಿದೆ, ಸೋರಮ್ ಕೇಸು ಅಂತ. ಇನ್ನೊಂದು ಗುಂಡಿ, "ತಪ್ಪೊಪ್ಕೊಂಡ್ಬಿಡಿ, ಒಂದು ವರ್ಷ ಸುಮ್ನಿದ್ರೆ ಕೇಸ್ ವಜಾ" ಅಂತ ಲೋಕಲ್ ಕೋರ್ಟಲ್ಲಿ ರಾಜಿ ಮಾಡಿಸ್ತಾರಲ್ಲ, ಇಲ್ಲೇ ಹುಟ್ಟಿದೋರಿಗೆ ಅದು ಲಾಭ, ನಮಗೆ ತಪ್ಪೊಪ್ಪಿದ ದಿನಾನೇ ಇಮಿಗ್ರೇಷನ್ ಲೆಕ್ಕದಲ್ಲಿ ಶಿಕ್ಷೆ ಆದ ಹಾಗೆ. ಹಾಗಾಗಿ ಕ್ರಿಮಿನಲ್ ವಕೀಲರು ಏನೇ ಹೇಳ್ಲಿ, ಇಮಿಗ್ರೇಷನ್ ವಕೀಲರನ್ನ ಕೇಳದೆ ಎಲ್ಲೂ ಹೂಂ ಅನ್ಬೇಡಿ. ಹಾಗೇ, 2023ರ ಸೆಪ್ಟೆಂಬರಿಂದ ಟೆಕ್ಸಸ್‌ನಲ್ಲಿ ಮಕ್ಕಳ ರಕ್ಷಣೆ ಇಲಾಖೆಯೋರು ಬಂದ್ರೆ ಮೊದಲಿಗೇ ನಿಮ್ಮ ಹಕ್ಕುಗಳನ್ನ ಹೇಳ್ಬೇಕು, ಮಾತಾಡದೇ ಇರೋದು, ವಕೀಲರನ್ನ ಕರೆಯೋದು, ಕೋರ್ಟ್ ಆರ್ಡರ್ ಇಲ್ದಿದ್ರೆ ಒಳಗೆ ಬಿಡದೇ ಇರೋದು. ಹೆಸರು ಹೇಳದೆ ಇಲಾಖೆಗೆ ದೂರು ಕೊಡೋದಕ್ಕೂ ಅದೇ ವರ್ಷದಿಂದ ತಡೆ. ಪೊಲೀಸಿಗೆ ಫೋನ್ ಮಾಡೋದು ಬೇರೆ, ಅದಕ್ಕೆ ಯಾವ ತಡೆನೂ ಇಲ್ಲ.

ಇಷ್ಟು ಬರೆದ್ಮೇಲೆ ಹೆದರಿಸ್ದೆ ಅನ್ಸುತ್ತೆ, ಇನ್ನೊಂದು ಕಡೇದೂ ಹೇಳ್ತೀನಿ. 2017ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಈ ದೇಶದ ಮಕ್ಕಳಲ್ಲಿ ಶೇಕಡಾ 37ರಷ್ಟು ಜನ 18 ತುಂಬೋದ್ರೊಳಗೆ ಒಂದ್ಸಲ ಆದ್ರೂ ಇಲಾಖೆ ವಿಚಾರಣೆಗೆ ಸಿಕ್ತಾರೆ. ಕಪ್ಪು ಜನರ ಮಕ್ಕಳಲ್ಲಿ ಶೇಕಡಾ 53. ಏಷ್ಯಾದೋರಲ್ಲಿ ಸುಮಾರು 10. ಅಂದ್ರೆ ಬೇರೆಯೋರಿಗೆ ಹೋಲಿಸಿದ್ರೆ ನಮ್ಮ ಬಾಗಿಲು ತಟ್ಟೋದು ಕಮ್ಮಿ, ನಾವು ನಡುಗೋದು ಜಾಸ್ತಿ. ಮಕ್ಕಳ ಕಳ್ಳರ ಭಯನೂ ಅಷ್ಟೇ. 1979ರಲ್ಲಿ ನ್ಯೂಯಾರ್ಕಲ್ಲಿ ಆರು ವರ್ಷದ ಈಟನ್ ಪಾಟ್ಜ್ ಅನ್ನೋ ಹುಡುಗ ಮೊದಲ ಸಲ ಒಬ್ನೇ ಸ್ಕೂಲ್ ಬಸ್ಸಿಗೆ ಅಂತ ಹೋದೋನು ವಾಪಸ್ ಬರ್ಲಿಲ್ಲ, ಕಳೆದುಹೋದ ಮಕ್ಕಳ ಫೋಟೋ ಹಾಲಿನ ಡಬ್ಬದ ಮೇಲೆ ಬರಕ್ಕೆ ಶುರುವಾಯ್ತು, ಬೆಳಗ್ಗೆ ತಿಂಡಿಗೆ ಕೂತ ಪ್ರತಿ ಅಮ್ಮನ ಎದೆಗೂ ಹೊಕ್ತು. ಆದ್ರೆ ಅಪರಿಚಿತರು ಹೀಗೆ ಎತ್ಕೊಂಡು ಹೋಗೋ ಥರದ್ದು 2011ರ ಸರ್ಕಾರಿ ಲೆಕ್ಕದಲ್ಲಿ ಇಡೀ ದೇಶಕ್ಕೆ 105. ಏಳು ಕೋಟಿಗೂ ಮೇಲೆ ಮಕ್ಕಳಿರೋ ದೇಶ. ಇನ್ನೊಂದ್ಕಡೆ, 1969ರಲ್ಲಿ ಎಂಟನೇ ಕ್ಲಾಸೊಳಗಿನ ಮಕ್ಕಳಲ್ಲಿ ಶೇಕಡಾ 48 ಜನ ನಡ್ಕೊಂಡೋ ಸೈಕಲಲ್ಲೋ ಸ್ಕೂಲಿಗೆ ಹೋಗ್ತಿದ್ರು, 2009ಕ್ಕೆ ಅದು 13. ನಮ್ಮ ಸ್ಕೂಲ್ ಮುಂದಿನ ಕಾರ್ ಸಾಲು ನೋಡಿದ್ರೆ 13 ಅನ್ನೋದೂ ಜಾಸ್ತಿ ಅನ್ಸುತ್ತೆ.

ನಾನು ಬೆಳೆದಿದ್ದು ಹೇಗೆ ಅಂದ್ರೆ, ಎಂಟು ವರ್ಷಕ್ಕೆ ಅಪ್ಪನ ಊಟದ ಕ್ಯಾರಿಯರ್ ತಗೊಂಡು ಮಂಡಿಗೆ ಹೋಗ್ತಿದ್ದೆ, ಮಂಡಿ ಅಂಗಳದಲ್ಲಿ ಹರಡಿರೋ ಕೊಬ್ಬರಿ ಸಂದೀಲಿ ಕುಂಟೆಬಿಲ್ಲೆ ಆಡ್ಕೊಂಡು, ಬರ್ತಾ ಕೆರೆ ಏರಿ ಮೇಲೆ ಒಂದು ರೌಂಡು, ದೀಪ ಹಚ್ಚೋ ಹೊತ್ತಿಗೆ ಮನೆ. ಯಾರೂ ನೋಡ್ತಿರ್ಲಿಲ್ಲ ಅಂತೀವಲ್ಲ, ಸುಳ್ಳು. ಇಡೀ ಬೀದಿ ನೋಡ್ತಿತ್ತು. ಒಂದ್ಸಲ ಏರಿಯಿಂದ ನೀರಿಗಿಳಿದಿದ್ದೆ, ನಾನು ಮನೆಗೆ ಬರೋಷ್ಟರಲ್ಲಿ ಸೊಪ್ಪಿನ ಅಜ್ಜಿ ನಮ್ಮನೆ ಜಗಲೀಲಿ ಕೂತು ಕಾಫಿ ಕುಡೀತಾ ಚಾಡಿ ಹೇಳಾಗಿತ್ತು, ಬೆನ್ನಿಗೆ ನಾಲ್ಕು ಬಿತ್ತು. ಇಲ್ಲೂ ಯಾರೋ ನನ್ನ ಮಗನ್ನ ನೋಡಿದಾರೆ, ಪಾಪ ಅಂತಾನೇ ಅನ್ಸಿರ್ಬೇಕು, ಆದ್ರೆ "ನಿನ್ನ ಮನೆ ಯಾವ್ದೋ ಪುಟ್ಟ" ಅಂತ ಅವನನ್ನ ಕೇಳೋ ಬದಲು ಫೋನ್ ತೆಗೆದ್ರು. ಚಾಡಿ ಹೇಳಕ್ಕೆ ನಮ್ಮನೆ ಜಗಲಿಗೆ ಬಂದಿದ್ರೆ ಕಾಫಿ ಕೊಡ್ತಿದ್ದೆ.

ಹಾಗಂತ ಆಗಿನದೆಲ್ಲಾ ಬಂಗಾರ ಅನ್ನಕ್ಕೂ ಬಾಯಿ ಬರಲ್ಲ. ನಮ್ಮ ಹಿಂದಿನ ಬೀದಿ ಹುಡುಗ, ನನ್ನ ಅಣ್ಣನ ಕ್ಲಾಸ್‌ಮೇಟು, ತೋಟದ ಬಾವೀಲಿ ಈಜಕ್ಕೆ ಹೋಗಿ ಸತ್ತ. ಬಾವಿಗೆ ಕಟ್ಟೆ ಇರ್ಲಿಲ್ಲ. ತೋಟದೋರನ್ನ ಯಾರೂ ಏನೂ ಕೇಳ್ಲಿಲ್ಲ, "ಅವನ ಆಯಸ್ಸು ಅಷ್ಟೇ ಇತ್ತು" ಅಂದ್ರು, ಕಟ್ಟೆ ಅದಾದ್ಮೇಲೂ ಕಟ್ಟಿಸ್ಲಿಲ್ಲ. ಯಾರನ್ನೂ ಕೇಳದೇ ಇರೋ ಊರೂ ಸರಿ ಅಂತ ನನಗನ್ಸಲ್ಲ.

ಈಗ ಬೆಂಗಳೂರಲ್ಲಿರೋ ನನ್ನ ತಂಗಿ ಕತೆ ಬೇರೆ, ಅಪಾರ್ಟ್‌ಮೆಂಟಲ್ಲಿ ಬಾಲ್ ಆಡಂಗಿಲ್ಲ ಅಂತ ಬೋರ್ಡು, ಗೇಟಾಚೆ ಬೀದಿನಾಯಿ, ಟಿಪ್ಪರ್ ಲಾರಿ. ಅಲ್ಲಿ ಅಪ್ಪ ಅಮ್ಮಂಗೆ ಕಾನೂನು ತಗಲಾಕೊಳ್ಳೋದು ಮಗ ಸ್ಕೂಟರ್ ಕೀ ಎತ್ಕೊಂಡೋದಾಗ, 2019ರ ತಿದ್ದುಪಡಿ ಆದ್ಮೇಲೆ ಅಪ್ರಾಪ್ತ ಗಾಡಿ ಓಡಿಸಿದ್ರೆ ದೊಡ್ಡೋರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ನಡ್ಕೊಂಡು ಪಾರ್ಕಿಗೆ ಹೋದ ಮಗು ಹಿಂದೆ ಪೊಲೀಸ್ ಬಂದಿದ್ದು ಅವಳಿನ್ನೂ ಕೇಳಿಲ್ಲ.

ಆಮೇಲೆ ಇಲಾಖೆಯಿಂದ ಫೋನೂ ಬರ್ಲಿಲ್ಲ, ಕಾಗದನೂ ಬರ್ಲಿಲ್ಲ. ಆಗಸ್ಟಲ್ಲಿ ಗೋಕುಲಾಷ್ಟಮಿಗೆ ಚಕ್ಕುಲಿ ಮಾಡ್ದಾಗ ಒಂದಷ್ಟು ಜಾಸ್ತೀನೇ ಕರಿದು, ಮಗನ್ನ ಕರ್ಕೊಂಡು ಪಾರ್ಕ್ ದಾರೀಲಿರೋ ಒಂಬತ್ತು ಮನೆ ಬೆಲ್ ಒತ್ತಿದ್ವಿ. "ಇವನು ನನ್ನ ಮಗ, ಇನ್ಮೇಲೆ ಒಬ್ನೇ ಓಡಾಡ್ತಾನೆ, ಏನಾದ್ರೂ ಇದ್ರೆ ನನಗೆ ಫೋನ್ ಮಾಡಿ" ಅಂತ ನಂಬರ್ ಬರೆದ ಚೀಟಿ. ಪ್ರತಿ ಮುಖ ನೋಡ್ದಾಗ್ಲೂ ಒಳಗೊಳಗೆ "ನೀವೇನಾ?" ಅಂತ ಅನ್ಸೋದು. ಎದುರುಮನೆ ಅಜ್ಜಿ ಚಕ್ಕುಲಿ ಮುರಿದು ಬಾಯಿಗಿಟ್ಕೊಂಡು, ನಾಲ್ಕು ವರ್ಷದಿಂದ ನಿಮ್ಮನ್ನ ಮಾತಾಡಿಸ್ಬೇಕು ಅಂದ್ಕೊಳ್ತಾನೇ ಇದ್ದೆ, ನೀವು ಗ್ಯಾರೇಜಿಂದ ಹೊರಗೇ ಬರಲ್ವಲ್ಲ ಅಂದ್ರು. ಮಗನ ಜೇಬಲ್ಲೂ ಒಂದು ಚೀಟಿ, ನಾನು ದಾರಿ ತಪ್ಪಿಲ್ಲ, ನಾನು ಇಲ್ಲಿರೋದು ಮನೇಲಿ ಗೊತ್ತು, ಅನುಮಾನ ಇದ್ರೆ ಈ ನಂಬರ್ ಅಂತ. ಇವರು ಜಿಪಿಎಸ್ ವಾಚ್ ತಂದ್ರು, ಅವನು ಕೈ ಕೆರೆಯುತ್ತೆ ಅಂತ ಮೂರೇ ದಿನಕ್ಕೆ ಬಿಚ್ಚಿಟ್ಟ.

ಮೊದಲ ದಿನ ಅವನು ಹೋದಾಗ ನಾನು ಮುಂದಿನ ಗಿಡಗಳಿಗೆ ನಲವತ್ತು ನಿಮಿಷ ನೀರು ಹಾಕ್ದೆ. ನಾಲ್ಕು ಗಿಡ ಇರೋದು. ಈಗ ವಾರದಲ್ಲಿ ಮೂರ್ನಾಲ್ಕು ದಿನ ಹೋಗ್ತಾನೆ, ಹಿಂದಿನ ಬೀದಿ ತೆಲುಗು ಹುಡುಗ ಒಬ್ಬ ಜೊತೆಗೆ ಸೇರ್ಕೊಂಡಿದಾನೆ, ಅವರಮ್ಮ ಮಾತ್ರ ಇನ್ನೂ ಕಾರಲ್ಲಿ ಬಂದು ದೂರ ನಿಲ್ಲಿಸ್ಕೊಂಡು ಕೂರ್ತಾರೆ. ಕೂರ್ಲಿ, ಅವರ ಐ-140, ಅಂದ್ರೆ ಗ್ರೀನ್ ಕಾರ್ಡಿಗೆ ಅಂತ ಕಂಪನಿ ಹಾಕೋ ಅರ್ಜಿ, ಇನ್ನೂ ಆಗಿಲ್ಲ ಅಂತೆ.

ಅಪ್ಪ ಊರಿಂದ ವಿಡಿಯೋ ಕಾಲ್ ಮಾಡ್ದಾಗೆಲ್ಲಾ ಒಂದೇ ಪ್ರಶ್ನೆ, "ಅಂಗಡಿಗೆ ಕಳಿಸಿದ್ಯಾ?" ಕೊತ್ತಂಬರಿ ಸೊಪ್ಪು ತರಕ್ಕೆ ಮಗನೂ ತುದಿಗಾಲಲ್ಲಿದಾನೆ, ಆದ್ರೆ ಅಂಗಡಿ ಆರು ಲೇನ್ ರಸ್ತೆ ಆಚೆ, ಗಂಟೆಗೆ 45 ಮೈಲಿ ಅಂತ ಬೋರ್ಡಿದ್ರೆ 60ರಲ್ಲಿ ಬರ್ತಾರೆ. ಇಲ್ಲ ಅಪ್ಪ, ಇನ್ನೂ ಇಲ್ಲ ಅಂತೀನಿ, ಇದು ಪೊಲೀಸ್ ಭಯಕ್ಕಲ್ಲ. ಹೋದ ಶನಿವಾರ ಅವನ ಜೊತೆ ಹೋಗಿ ಸಿಗ್ನಲ್ ಹತ್ರ ನಿಂತು ಎಣಿಸಿದ್ವಿ, ನಡೆಯೋರಿಗೆ ಬಿಡೋದು 24 ಸೆಕೆಂಡು, ಅವನಿಗೆ ದಾಟಕ್ಕೆ 17 ಬೇಕು. ಬಲಕ್ಕೆ ತಿರುಗೋ ಕಾರುಗಳು ಮಾತ್ರ ನಿಲ್ಲಿಸ್ತಾರೋ ಇಲ್ವೋ ನೋಡ್ಬೇಕು, ಈ ಶನಿವಾರ ಮತ್ತೆ ಹೋಗಿ ನಿಲ್ತೀವಿ.